ಸೀಲಿಲ್ಲದ ಅನುಭವ ಪತ್ರ

ಜೂನ್ 11

ಅಮ್ಮಾ,

ನಿನ್ನೆ ಫೋನಿನಲ್ಲಿ ನಾನು ಕೂಗಿದ್ದು ಕೆಳಗಿನ ಬೇಕರಿಯವರಿಗೆ ಕೇಳಿತು, ಎದುರು ಮನೆಯ ನಾಯಿಗೆ ಕೇಳಿತು, ನಿನಗೆ ಮಾತ್ರ ಕೇಳಲಿಲ್ಲ. ಇಷ್ಟು ವರ್ಷ ಗಾರ್ಮೆಂಟ್ಸ್ ಫ್ಯಾಕ್ಟರಿಯ ಹೊಲಿಗೆ ಮಷಿನ್‌ಗಳ ನಡುವೆ ನಿಂತು ರಿಪೇರಿ ಮಾಡಿ ಮಾಡಿ ಎರಡೂ ಕಿವಿಗಳನ್ನು ಅಲ್ಲೇ ಒಪ್ಪಿಸಿ ಬಂದಿದ್ದೀಯ. ಮೆಸೇಜ್ ಮಾಡೋಣವೆಂದರೆ "ಬೆರಳಲ್ಲಿ ಎಣ್ಣೆ ಇರತ್ತೆ, ಆ ಗಾಜಿನ ಮೇಲೆ ಜಾರತ್ತೆ" ಎನ್ನುತ್ತೀಯ. ಸರಿ, ನೀನೇ ಗೆದ್ದೆ. ಕಂಪ್ಯೂಟರ್ ಓದಿದ ಮಗಳು ಪೆನ್ನು ಹಿಡಿದು ಕೂತಿದ್ದಾಳೆ.

ರೂಮು ಚೆನ್ನಾಗಿದೆ. ಎರಡು ಮಂಚ, ಒಂದು ಮೇಜು, ಒಂದು ಕಿಟಕಿ. ಜೊತೆಗಿರುವವಳು ನನ್ನ ಕ್ಲಾಸಿನವಳೇ. ಅವಳ ಜಡೆ ನೋಡಿ ಎಲ್ಲರೂ ಉದ್ದಜಡೆ ಎಂದೇ ಕರೆಯುತ್ತಿದ್ದೆವು, ನಿನಗೆ ನೆನಪಿರಬೇಕು. ಅವಳೂ ಕೆಲಸ ಹುಡುಕುತ್ತಿದ್ದಾಳೆ. ಯಾರಿಗೆ ಕಂಪ್ಯೂಟರಿನಲ್ಲಿ ಇಂಟರ್‌ವ್ಯೂ ಇರುತ್ತದೋ ಅವರಿಗೆ ಮೇಜು ಮತ್ತು ಕಲೆಯಿಲ್ಲದ ಗೋಡೆ. ಇನ್ನೊಬ್ಬಳು ಮಂಚದ ಮೇಲೆ ಉಸಿರು ಬಿಗಿಹಿಡಿದು ಕೂರಬೇಕು, ಚಹಾ ಹೀರಿದರೂ ಸದ್ದಾಗಬಾರದು.

ಕೆಲಸಗಳೇನೋ ಬೇಕಾದಷ್ಟಿವೆ. "ಹೊಸಬರು ಬೇಕಾಗಿದ್ದಾರೆ" ಎಂದು ದಪ್ಪ ಅಕ್ಷರದಲ್ಲಿ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ "ಎರಡು ವರ್ಷದ ಅನುಭವ ಕಡ್ಡಾಯ". ಎರಡು ವರ್ಷದ ಅನುಭವ ಇರುವವಳು ಹೊಸಬಳು ಹೇಗಾಗುತ್ತಾಳೆ ಎಂದು ಕೇಳೋಣವೆಂದರೆ ಕೇಳಲು ಅಲ್ಲಿ ಮನುಷ್ಯರು ಯಾರೂ ಇರುವುದಿಲ್ಲ. ಇರಲಿ, ಇನ್ನೊಂದು ತಿಂಗಳಲ್ಲಿ ಎಲ್ಲಾದರೂ ಸೇರಿರುತ್ತೇನೆ. ಅಲ್ಲಿಯವರೆಗೆ ಅಪ್ಪನಿಗೆ ಸ್ವಲ್ಪ ಬಾಯಿ ಬಿಗಿಹಿಡಿಯಲು ಹೇಳು. ಕಂಡಕ್ಟರ್ ಆದ ಮಾತ್ರಕ್ಕೆ ಟಿಕೆಟಿನ ಜೊತೆ ಮನೆಯ ಸುದ್ದಿಯನ್ನೂ ಹರಿದು ಕೊಡಬೇಕೆಂದು ಯಾರೂ ಹೇಳಿಲ್ಲ.

ನಿನ್ನ
ಪುಟ್ಟಿ

*

ಜೂನ್ 20

ಪುಟ್ಟಿ,

ಇಲ್ಲಿ ನಾವೆಲ್ಲ ಕ್ಷೇಮ. ಮಷಿನ್‌ಗಳು ಕ್ಷೇಮವಾಗಿಲ್ಲ, ಅದರಿಂದಲೇ ನಾವು ಕ್ಷೇಮ.

ನಿನ್ನ ಕಾಗದವನ್ನು ಊಟದ ಬಿಡುವಿನಲ್ಲಿ ಗಟ್ಟಿಯಾಗಿ ಓದಿದೆನಂತೆ. ನಾನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ. ರಿಪೇರಿ ವಿಭಾಗದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಕನ್ನಡಕದಣ್ಣ ತಟ್ಟೆ ತೊಳೆಯುತ್ತಾ "ಹುಡುಗಿ ಚೆನ್ನಾಗಿ ಬರೀತಾಳೆ" ಅಂದರು. ಆ ಹೊತ್ತು ಪೂರ್ತಿ ನಾನು ಬೆನ್ನು ನೆಟ್ಟಗೆ ಮಾಡಿಕೊಂಡೇ ಇದ್ದೆ. ನಮ್ಮ ಮನೆಯಲ್ಲಿ ಯಾರೂ ಓದದ ಓದನ್ನು ನೀನು ಓದಿದ್ದೀಯ. ನನಗೆ ಜಂಬ ಬಂದರೆ ಬರಲಿ, ಅದನ್ನು ಕಿತ್ತುಕೊಳ್ಳಲು ಯಾರಿಗೂ ಹಕ್ಕಿಲ್ಲ.

ಇವತ್ತು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ನೀಲಿ ಕೋಟಿನ ಅಂಚು ಮುಟ್ಟಿ ಕೇಳಿದಳು, "ಅಕ್ಕಾ, ಇದು ಯಾವ ಡಿಸೈನು? ಬಣ್ಣಬಣ್ಣದ ಗೆರೆ?" ನಾನಂದೆ, "ಡಿಸೈನೂ ಇಲ್ಲ ಏನೂ ಇಲ್ಲ. ರಿಪೇರಿ ಆದ ಮಷಿನ್ನಿನ ಮೊದಲ ಹೊಲಿಗೆ ರಿಪೇರಿ ಮಾಡಿದವರ ಬಟ್ಟೆ ಮೇಲೇ ಬೀಳಬೇಕು. ಹರಿದರೆ ನನ್ನದು ಹರೀಲಿ, ಇನ್ನೊಬ್ಬರ ಮಾಲು ಯಾಕೆ ಹರೀಬೇಕು?" ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೊಲಿಗೆ ಸರಿ ಬಿದ್ದ ಮೇಲೆ, ಎಲ್ಲರೂ ಸಾಲಾಗಿ ಕೂತು ಹೊಲಿಯುವ ಲೈನಿಗೆ ಕಳಿಸುವ ಮುಂಚೆ, ಚೀಟಿಗೆ ನನ್ನ ಸೀಲು ಹೊಡೆದು ಮಷಿನ್ನಿಗೆ ಕಟ್ಟಿದೆ. "ಪರೀಕ್ಷಿಸಿದೆ. ಲೈನಿಗೆ ಬಿಡಬಹುದು." ನೀನು ಚಿಕ್ಕವಳಿದ್ದಾಗ ಅದೇ ಸೀಲನ್ನು ನಿನ್ನ ಹಣೆಗೆ ಹೊಡೆದುಕೊಂಡು ಮನೆಗೆ ಬಂದಿದ್ದೆ, ಮಸಿ ಎರಡು ದಿನ ಹೋಗಿರಲಿಲ್ಲ.

ಅನುಭವ ಇದೆಯಾ ಎಂದು ಕೇಳಿದರೆ ಇದೆ ಎಂದು ಹೇಳು. ರಜೆ ಬಂದರೆ ನೀನು ನಮ್ಮ ಫ್ಯಾಕ್ಟರಿಯ ಸ್ಟೋರ್ ರೂಮು ಬಿಟ್ಟು ಕದಲುತ್ತಿರಲಿಲ್ಲ, ಅದು ಅನುಭವವಲ್ಲದೆ ಇನ್ನೇನು?

ಅಪ್ಪನ ಬಾಯಿ ವಿಷಯ ನನ್ನ ಕೈಲಿಲ್ಲ.

ನಿನ್ನ
ಅಮ್ಮ

*

ಆಗಸ್ಟ್ 3

ಅಮ್ಮಾ,

ತಡವಾಯಿತು, ಬೈಯಬೇಡ. ಬರೆಯುವಂಥ ಸುದ್ದಿ ಇರಲಿಲ್ಲ.

ಈಗ ನನಗೆ "ದುರದೃಷ್ಟವಶಾತ್" ಎಂಬ ಪದ ಎಷ್ಟು ಪರಿಚಯವಾಗಿದೆ ಎಂದರೆ ಪತ್ರ ತೆರೆಯುವ ಮೊದಲೇ ಅದರ ಮುಖ ಕಾಣುತ್ತದೆ. ಮೊನ್ನೆ ಒಂದು ಕಡೆ ಅರ್ಜಿ ಹಾಕಿ ಹಾಲು ಕಾಯಿಸಲು ಎದ್ದೆ, ಹಾಲು ಉಕ್ಕುವುದರೊಳಗೆ ಬೇಡವೆಂಬ ಉತ್ತರ ಬಂತು. ಅರ್ಜಿ ಓದಿದವರು ಯಾರೂ ಇಲ್ಲ, ಅದು ಗ್ಯಾರಂಟಿ.

ಕಳೆದ ವಾರ ಒಂದು ದೊಡ್ಡ ಕಂಪನಿಯವರು ನೇರವಾಗಿ ಕರೆದಿದ್ದರು. ಅಂಗಳದ ತುಂಬ ಪ್ಲಾಸ್ಟಿಕ್ ಕುರ್ಚಿಗಳು, ಕುರ್ಚಿಗಳ ತುಂಬ ನಮ್ಮಂಥವರು, ಎಲ್ಲರ ತೊಡೆಯ ಮೇಲೂ ಒಂದೇ ಥರದ ಫೈಲು. ಬೆಳಗ್ಗೆ ಇಸ್ತ್ರಿ ಮಾಡಿಕೊಂಡು ಹೋದ ಅಂಗಿ ನನ್ನ ಸರದಿ ಬರುವಷ್ಟರಲ್ಲಿ ಹಿಂಡಿದ ಹಾಗಾಗಿತ್ತು. ಒಳಗಿದ್ದವರು ಒಳ್ಳೆಯವರೇ. "ಮಾರ್ಕ್ಸ್ ಚೆನ್ನಾಗಿದೆ. ಕಾಲೇಜಿನದು ಬಿಡಿ, ನಿಜವಾದ ಜನ ಬಳಸೋ ಅಂಥದ್ದು ಏನಾದ್ರೂ ಮಾಡಿದೀರಾ?" ಎಂದು ಕೇಳಿದರು. ಇಲ್ಲ ಎಂದೆ. "ಸರಿ, ತಿಳಿಸ್ತೀವಿ" ಎಂದರು. ತಿಳಿಸಿದರು.

ನೀನು ಹೇಳಿದ ರಜೆಯ ಅನುಭವ ಅವರಿಗೆ ಲೆಕ್ಕವಿಲ್ಲ ಅಮ್ಮ. ಅಲ್ಲಿ ಫ್ಯಾಕ್ಟರಿ, ಎಣ್ಣೆ, ಬಾಬಿನ್ ಅಂದರೆ ಮೂಗು ಮುರಿಯುತ್ತಾರೆ. ಊಟ ಸರಿಯಾಗಿ ಮಾಡುತ್ತಿದ್ದೇನೆ, ಅದನ್ನು ಕೇಳಬೇಡ.

ನಿನ್ನ
ಪುಟ್ಟಿ

*

ಆಗಸ್ಟ್ 12

ಪುಟ್ಟಿ,

ಇಲ್ಲ ಅಂದೆಯಾ? ಅವರು ಅಷ್ಟು ನೇರವಾಗಿ ಕೇಳಿದರೂ ಇಲ್ಲ ಅಂದೆಯಾ? ನನಗೆ ಯಾಕೋ ಅರ್ಥವಾಗಲಿಲ್ಲ. ಬಿಡುವಾದಾಗ ಬರೆಯುತ್ತೇನೆ, ಈಗ ದೊಡ್ಡ ಆರ್ಡರು ಬಂದಿದೆ, ಉಸಿರಾಡಲೂ ಪುರಸೊತ್ತಿಲ್ಲ. ಮೂಗು ಮುರಿಯುವವರು ಮುರಿದುಕೊಳ್ಳಲಿ, ನೀನು ಮುರಿಯಬೇಡ.

ಅಮ್ಮ

*

ಸೆಪ್ಟೆಂಬರ್ 14

ಅಮ್ಮಾ,

ಉದ್ದಜಡೆಗೆ ಕೆಲಸ ಸಿಕ್ಕಿತು. ಈಗ ಮೇಜೂ ನನ್ನದೇ, ಕಲೆಯಿಲ್ಲದ ಗೋಡೆಯೂ ನನ್ನದೇ, ಹಗಲೆಲ್ಲ ರೂಮಿನಲ್ಲಿ ನಾನೊಬ್ಬಳೇ. ಅವಳು ಬೆಳಗ್ಗೆ ಕೊರಳಿಗೆ ಕಾರ್ಡು ಹಾಕಿಕೊಂಡು ಹೋಗುವಾಗ ನಾನು ಮಲಗಿರುವವಳಂತೆ ಗೋಡೆಯ ಕಡೆ ತಿರುಗಿಕೊಳ್ಳುತ್ತೇನೆ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ.

ಅವಳಿಗೂ ನನಗೂ ಇರುವ ವ್ಯತ್ಯಾಸ ಒಂದು ಕಾಗದ ಅಷ್ಟೇ. ಅನುಭವ ಪತ್ರ. ಅದೊಂದು ಇದ್ದರೆ ಫೈಲು ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಅಲ್ಲೇ ಬೀಳುತ್ತದೆ. ಅವಳು ಎಲ್ಲಿಂದಲೋ ತಂದಳು. ನನಗೂ ಒಂದು ಸಿಕ್ಕರೆ ಎಲ್ಲ ಸರಿಹೋಗುತ್ತದೆ. ಈಗೀಗ ಎಲ್ಲರೂ ತರುತ್ತಾರಂತೆ, ಅದರಲ್ಲಿ ತಪ್ಪೇನೂ ಇಲ್ಲವಂತೆ. ನಿನಗೆ ಯಾಕೆ ಇದನ್ನೆಲ್ಲ ಬರೆಯುತ್ತಿದ್ದೇನೋ ಗೊತ್ತಿಲ್ಲ.

ಅಪ್ಪನ ಬಸ್ಸಿನವರು ನನ್ನ ಬಗ್ಗೆ ಕೇಳಿದರೆ ಚೆನ್ನಾಗಿದ್ದಾಳೆ ಎಂದು ಹೇಳಲು ಹೇಳು. ಹೆಚ್ಚಿಗೆ ಬೇಡ.

ಪುಟ್ಟಿ

*

ಸೆಪ್ಟೆಂಬರ್ 21

ಪುಟ್ಟಿ,

ಅನುಭವ ಪತ್ರ ಬೇಕಿದ್ದರೆ ಬಾಯಿ ಬಿಟ್ಟು ಕೇಳಬಾರದೇ? ಇಷ್ಟೊಂದು ಸುತ್ತು ಬಳಸಿ ಬರೆಯಬೇಕೇ? ಕೆಲಸ ಮಾಡಿದ್ದು ನನ್ನ ಹತ್ತಿರ, ಪತ್ರ ಕೊಡಬೇಕಾದವಳೂ ನಾನೇ. ಬೇರೆ ಎಲ್ಲಿಂದಲೋ ತರುವುದು ಯಾಕೆ?

ಮೂರು ಸಲ ಬರೆದು ಹರಿದೆ. ನಾಲ್ಕನೆಯದನ್ನು ಇದರ ಜೊತೆ ಇಟ್ಟಿದ್ದೇನೆ. ಮಡಿಕೆಯ ಹತ್ತಿರ ಎಣ್ಣೆ ತಾಗಿದೆ, ಅದು ನನ್ನ ಹೆಬ್ಬೆರಳು. ಒಳ್ಳೆಯ ಕಾಗದ ಇನ್ನೊಂದಿರಲಿಲ್ಲ.

ಸೀಲು ಹಾಕಿಲ್ಲ. ಕನ್ನಡಕದಣ್ಣ "ಹಾಕಮ್ಮ, ಮಗಳ ಕೆಲಸದ ವಿಷಯ, ಯಾರು ನೋಡ್ತಾರೆ" ಎಂದರು. ಸೂಪರ್‌ವೈಸರ್ ಸಾಹೇಬರೂ ಹೇಳಿ ನೋಡಿದರು. ನನ್ನ ಸೀಲು ಏನು ಹೇಳುತ್ತದೆ ಎಂದು ನಿನಗೆ ಗೊತ್ತು. ಕೆಟ್ಟದ್ದು ಸರಿಯಾಗದೆ ಅದು ಯಾವುದರ ಮೇಲೂ ಬಿದ್ದಿಲ್ಲ. ನೀನು ನನ್ನ ಮಗಳಾದರೂ ಅಷ್ಟೇ, ಮಗಳಾದ್ದರಿಂದ ಇನ್ನೂ ಅಷ್ಟೇ. ಓದಿದರೆ ಗೊತ್ತಾಗುತ್ತದೆ.

ನಿನ್ನ
ಅಮ್ಮ

(ಜೊತೆಗಿದ್ದ ಕಾಗದ)

ಸಂಬಂಧಪಟ್ಟವರಿಗೆ,

ಇದನ್ನು ತರುವವಳು ನನ್ನ ಮಗಳು. ಮಗಳಾದ್ದರಿಂದ ಹೊಗಳುವುದಿಲ್ಲ.

ಇವಳು ಕಾಲೇಜಿನ ಎರಡನೇ ವರ್ಷದ ರಜೆಯಲ್ಲಿ ನಮ್ಮ ಸ್ಟೋರ್ ರೂಮಿನ ಹಳೇ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಮಾಡಿಕೊಟ್ಟಳು. ಹೊಲಿಗೆ ಮಷಿನ್ನಿನ ನಂಬರು ಹೊಡೆದರೆ ಅದು ಹಿಂದೆ ಯಾವಾಗ ಕೆಟ್ಟಿತ್ತು, ಯಾವ ಭಾಗ ಹೋಗಿತ್ತು, ಯಾರು ಸರಿ ಮಾಡಿದರು ಎಲ್ಲ ಬರುತ್ತದೆ. ಮುಂಚೆ ಇದಕ್ಕೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅವತ್ತಿನಿಂದ ಇವತ್ತಿನವರೆಗೆ ಈ ವಿಭಾಗದ ಮೆಕ್ಯಾನಿಕ್‌ಗಳೆಲ್ಲ ದಿನವೂ ಅದನ್ನೇ ಬಳಸುತ್ತಿದ್ದೇವೆ.

ನಾವು ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವಾಗ ಹಿಂದೆ ಎಲ್ಲಿ ತಪ್ಪಿದ್ದರು ಎಂದು ಕೇಳಿಯೇ ತೆಗೆದುಕೊಳ್ಳುತ್ತೇವೆ. ಆದ್ದರಿಂದ ಅದನ್ನೂ ಬರೆಯುತ್ತೇನೆ. ಒಂದು ಮಷಿನ್ ಒಂದೇ ದಿನ ಎರಡು ಸಲ ಕೆಟ್ಟರೆ ಇವಳ ಪ್ರೋಗ್ರಾಂ ಮೊದಲನೇ ರಿಪೇರಿಯನ್ನು ನುಂಗಿ ಎರಡನೆಯದನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಹಾಗಾಗಿ ನಾವು ಎರಡನೇ ರಿಪೇರಿಯನ್ನು ನಾಳೆಯ ತಾರೀಖಿಗೆ ಬರೆಯುತ್ತೇವೆ. ಇಲ್ಲಿ ಕೆಲವು ಮಷಿನ್‌ಗಳು ನಾಳೆಯೇ ಕೆಟ್ಟು ನಾಳೆಯೇ ಸರಿಯಾಗಿರುತ್ತವೆ. ಈ ತಪ್ಪು ಇನ್ನೂ ಹಾಗೇ ಇದೆ.

ಬೇಗ ಕಲಿಯುತ್ತಾಳೆ, ಬೇಗ ಸಿಡುಕುತ್ತಾಳೆ, ಮೈಗಳ್ಳಿಯಲ್ಲ.

ಹಿರಿಯ ಮೆಕ್ಯಾನಿಕ್, ರಿಪೇರಿ ವಿಭಾಗ

*

ಅಕ್ಟೋಬರ್ 4

ಅಮ್ಮಾ,

ಕೂತು ಓದು, ಉದ್ದ ಇದೆ. ಗಟ್ಟಿಯಾಗಿ ಓದಬೇಡ.

ನೀನು ಕಳಿಸಿದ್ದನ್ನು ಓದಿ ಮೊದಲು ನಗು ಬಂತು, ಆಮೇಲೆ ಮಂಚದ ಮೇಲೆ ಕೂತು ಅತ್ತೆ. ಆ ಪ್ರೋಗ್ರಾಂ ಇನ್ನೂ ಬದುಕಿದೆ ಎಂದೇ ನನಗೆ ಗೊತ್ತಿರಲಿಲ್ಲ. ಹೊಸ ಮ್ಯಾನೇಜರು ದೊಡ್ಡ ಸಾಫ್ಟ್‌ವೇರ್ ತರಿಸಿದ್ದಾರೆ ಎಂದು ನೀನೇ ಹೇಳಿದ್ದೆ, ನನ್ನದು ಕಸದ ಬುಟ್ಟಿ ಸೇರಿತು ಅಂದುಕೊಂಡಿದ್ದೆ. ನಾನು ಅದನ್ನು ಎರಡು ವಾರದಲ್ಲಿ ಆಟಕ್ಕೆ ಬರೆದದ್ದು. ಅರ್ಜಿಯಲ್ಲಿ ಒಂದು ಸಾಲೂ ಹಾಕಿರಲಿಲ್ಲ. ಅಂಗಳದ ಕುರ್ಚಿಯಲ್ಲಿ ಅಷ್ಟು ಹೊತ್ತು ಕಾದು ಒಳಗೆ ಹೋಗಿ, ನಿಜವಾದ ಜನ ಬಳಸುವಂಥದ್ದು ಮಾಡಿದ್ದೀರಾ ಎಂದು ಕೇಳಿದರೆ ಇಲ್ಲ ಎಂದು ಹೇಳಿ ಬಂದವಳು ನಾನು.

ಈಗ ನಿನಗೆ ಹೇಳದೆ ಬಿಟ್ಟದ್ದನ್ನು ಹೇಳಿಬಿಡುತ್ತೇನೆ. ಇಲ್ಲಿ ಟೈ ಕಟ್ಟಿದವರೊಬ್ಬರಿದ್ದಾರೆ. ಎರಡು ವರ್ಷ ನಮ್ಮಲ್ಲಿ ದುಡಿದಳೆಂದು ದಪ್ಪ ಕಾಗದದ ಮೇಲೆ ಬರೆದು ದುಂಡು ಸೀಲು ಹೊಡೆದು ಕೊಡುತ್ತಾರೆ. ಉದ್ದಜಡೆ ತಂದದ್ದು ಅಲ್ಲಿಂದಲೇ. ನಾನೂ ಹೋದೆ. ಆ ಕಂಪನಿ ಎಲ್ಲಿದೆ ಸಾರ್ ಎಂದು ಕೇಳಿದರೆ "ಸೀಲಿನಲ್ಲಿದೆಯಲ್ಲಮ್ಮ" ಎಂದರು. ನನ್ನ ಕಾಗದವೂ ತಯಾರಾಗಿ ಬಂತು. ಎಲ್ಲಿಗೂ ಕಳಿಸಿರಲಿಲ್ಲ, ಆದರೆ ಫೈಲಿನಲ್ಲಿ ಇಟ್ಟುಕೊಂಡಿದ್ದೆ. ನಿನ್ನ ಕಾಗದವನ್ನೂ ಅದೇ ಫೈಲಿನಲ್ಲಿ ಇಟ್ಟೆ.

ಮೊನ್ನೆ ಗುರುವಾರ ಒಂದು ಸಣ್ಣ ಕಂಪನಿಯವರು ಕರೆದರು. ಕಾರ್ಡು ತೋರಿಸಿದರೆ ತೆರೆದುಕೊಳ್ಳುವ ಬಾಗಿಲುಗಳಿರುತ್ತವಲ್ಲ, ಅವಕ್ಕೆ ಪ್ರೋಗ್ರಾಂ ಬರೆಯುವವರು. ಆಸ್ಪತ್ರೆಗಳಿಗೆ, ಕಾಲೇಜುಗಳಿಗೆ ಮಾಡಿಕೊಡುತ್ತಾರೆ. ಕನ್ನಡಕದಂಗಡಿಯ ಮೇಲೆ ಎರಡನೇ ಮಹಡಿ, ಒಂದೇ ದೊಡ್ಡ ಕೋಣೆ, ಗೋಡೆಗೆಲ್ಲ ಬರೀ ಬೀಗಗಳು. ಅದನ್ನು ನಡೆಸುವ ಮೇಡಂಗೆ ನಿನ್ನಷ್ಟೇ ವಯಸ್ಸಿರಬಹುದು, ಗಿಡ್ಡ ಬಿಳಿ ಕೂದಲು. ಅರ್ಜಿ ತಿರುವಿ ಹಾಕುತ್ತಾ ಕೇಳಿದರು.

"ಅನುಭವ ಏನಾದ್ರೂ ಇದೆಯಾ?"

ಫೈಲಿಗೆ ಕೈ ಹಾಕಿದೆ. ಎರಡೂ ಕಾಗದ ಒಟ್ಟಿಗೇ ಇದ್ದವು. ಸುಳ್ಳು ಹೇಳುವುದಿಲ್ಲ ಅಮ್ಮ, ದಪ್ಪ ಕಾಗದವನ್ನೇ ಮೊದಲು ಹಿಡಿದೆ. ಆಮೇಲೆ ಬಿಟ್ಟು ಎಣ್ಣೆ ತಾಗಿದ್ದನ್ನು ತೆಗೆದು ಮೇಜಿನ ಮೇಲಿಟ್ಟೆ. ನಿನ್ನ ಹೆಬ್ಬೆರಳ ಪಕ್ಕದಲ್ಲಿ ಆ ದುಂಡು ಸೀಲು ನನಗೆ ನಾಚಿಕೆ ತರಿಸಿತು. ಅವರು ಒಂದು ಸಲ ಓದಿ, ಕನ್ನಡಕ ಹಾಕಿಕೊಂಡು ಮತ್ತೊಂದು ಸಲ ಓದಿದರು.

"ಇದಕ್ಕೆ ಸೀಲೇ ಇಲ್ವಲ್ಲ."

"ಆ ತಪ್ಪು ಸರಿಯಾಗೋವರೆಗೂ ಹಾಕಲ್ಲ ಅಂದಿದಾರೆ, ಮೇಡಂ."

"ಯಾರು?"

"ನಮ್ಮಮ್ಮ."

"ಸರಿ ಮಾಡಿದ್ರಾ?"

"ಇಲ್ಲ. ಅದನ್ನ ಇನ್ನೂ ಬಳಸ್ತಿದಾರೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ."

ಅವರು ನಗಲಿಲ್ಲ. "ಬೆಳಗ್ಗಿಂದ ಬಂದೋರೆಲ್ಲ ತಮ್ಮ ಕೆಲಸದಲ್ಲಿ ಒಂದು ತಪ್ಪೂ ಇಲ್ಲ ಅಂದ್ರು. ಬಳಸೋರೇ ಇಲ್ಲದಿದ್ರೆ ತಪ್ಪು ಹೇಗೆ ಕಾಣತ್ತೆ?" ಎಂದು ಕಾಗದವನ್ನು ಮಡಿಸಿ ವಾಪಸು ಕೊಟ್ಟರು. "ಹೋಗಿ ಅದನ್ನ ಸರಿ ಮಾಡ್ಕೊಂಡು ಬನ್ನಿ. ಹೇಗೆ ಮಾಡಿದ್ರಿ ಅಂತ ನಂಗೆ ಹೇಳಿ. ಆಮೇಲೆ ನೋಡೋಣ."

ರೂಮಿಗೆ ಬಂದು ಆ ಇನ್ನೊಂದು ಕಾಗದವನ್ನು ಹರಿದೆ. ದಪ್ಪ ಇತ್ತು, ಸುಲಭವಾಗಿ ಹರಿಯಲಿಲ್ಲ. ಭಾನುವಾರ ಮನೆಗೆ ಬರುತ್ತಿದ್ದೇನೆ. ಸ್ಟೋರ್ ರೂಮಿನ ಬೀಗದ ಕೈ ತೆಗೆಸಿಟ್ಟಿರು.

ನಿನ್ನ
ಪುಟ್ಟಿ

*

ಅಕ್ಟೋಬರ್ 14

ಪುಟ್ಟಿ,

ಭಾನುವಾರ ಬಂದೆ, ಸಂಜೆಯವರೆಗೆ ಟಕಟಕ ಬಡಿದೆ, ಎರಡು ಸುಳ್ಳು ರಿಪೇರಿ ಬರೆದು "ನೋಡಮ್ಮ, ಎರಡೂ ನಿಂತಿವೆ" ಎಂದು ತೋರಿಸಿ, ಅಪ್ಪನ ಬಸ್ಸೇ ಹತ್ತಿ ಕೈ ಬೀಸಿ ಹೋದೆ. ನಾನೂ ಖುಷಿಯಾಗಿಯೇ ಇದ್ದೆ. ಸೋಮವಾರ ಬೆಳಗ್ಗೆ ಏನಾಯಿತೆಂದು ನಿನಗೆ ಫೋನಿನಲ್ಲಿ ಸ್ಟೋರಿನವರು ಹೇಳಿದ್ದಾರೆ, ಆದರೂ ನಾನೊಂದು ಸಲ ಹೇಳದಿದ್ದರೆ ಊಟ ಸೇರುವುದಿಲ್ಲ.

ನಾಳೆಯ ತಾರೀಖಿನಲ್ಲಿ ಬರೆದ ರಿಪೇರಿ ಅಂದರೆ ಯಾರೋ ತಪ್ಪಿ ಬರೆದದ್ದು ಎಂದುಕೊಂಡು ನೀನು ಅವನ್ನೆಲ್ಲ ಪಕ್ಕಕ್ಕೆ ತಳ್ಳಿಬಿಟ್ಟಿದ್ದೀಯ. ನಿನ್ನ ತಪ್ಪಿಗಾಗಿ ಇಷ್ಟು ವರ್ಷ ನಾವು ಎರಡನೇ ರಿಪೇರಿಗಳನ್ನೆಲ್ಲ ಬರೆದದ್ದು ನಾಳೆಯ ತಾರೀಖಿನಲ್ಲೇ. ಅದನ್ನು ನಿನಗೆ ಪತ್ರದಲ್ಲೇ ಬರೆದು ತಿಳಿಸಿದ್ದೆ. ಕನ್ನಡಕದಣ್ಣ ಒಂದು ನಂಬರು ಹೊಡೆದರು, ಅರ್ಧ ಇಲ್ಲ. ಇನ್ನೊಂದು ಹೊಡೆದರು, ಅದೂ ಅರ್ಧ ಇಲ್ಲ. ರಿಪೇರಿ ತಡವಾಗಿ ಮೂರನೇ ಲೈನು ನಿಂತಿತು, ಸಾಹೇಬರು ಸೀಟಿ ಊದುತ್ತಾ ಬಂದರು, ಅಷ್ಟು ಜೋರಾಗಿ ಊದಿದರೆಂದರೆ ನನಗೂ ಕೇಳಿತು. ನೀನು ಫೋನಿನಲ್ಲಿ ಹೇಳಿದ ಹಾಗೆ ಸ್ಟೋರಿನವರು ಒಂದೊಂದೇ ಒತ್ತಿ, ಊಟದ ಹೊತ್ತಿಗೆ ಎಲ್ಲ ವಾಪಸು ಬಂತು. ಒಂದೂ ಕಳೆದುಹೋಗಿಲ್ಲ, ಅದನ್ನು ಒಪ್ಪುತ್ತೇನೆ. ಈಗ ಒಂದೇ ದಿನ ಎರಡಲ್ಲ, ನಾಲ್ಕು ಸಲ ಕೆಟ್ಟರೂ ನಿಲ್ಲುತ್ತದೆ. ಅದನ್ನೂ ಒಪ್ಪುತ್ತೇನೆ.

ಆದರೆ ಮೊದಲ ಹೊಲಿಗೆ ಯಾರ ಬಟ್ಟೆಯ ಮೇಲೆ ಬಿತ್ತು? ನಮ್ಮ ಬಟ್ಟೆಯ ಮೇಲೆ. ನೀನು ಆಗಲೇ ಬಸ್ಸಿನಲ್ಲಿದ್ದೆ.

ಸೀಲು ಕೇಳಬೇಡ.

ನಿನಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ಬರಲಿ. ಇನ್ನೊಂದು ಮಾತು. ನೀನು ಸೆಪ್ಟೆಂಬರಿನಲ್ಲಿ ಬರೆದಾಗ "ಎಲ್ಲಿಂದಲೋ" ಎಂದು ಬರೆದದ್ದು ಎಲ್ಲಿಂದ ಎಂದು ನನಗೆ ಆಗಲೇ ಗೊತ್ತಾಗಿತ್ತು. ನನಗೆ ಹೋಗಿರುವುದು ಕಿವಿ ಮಾತ್ರ. ಹಾಗೆ ಮಾಡಬೇಡ ಎಂದು ಬರೆದಿದ್ದರೆ ನೀನು ಹಟ ಹಿಡಿದು ಮಾಡುತ್ತಿದ್ದೆ, ನನ್ನ ಮಗಳಲ್ಲವೇ.

ಅಮ್ಮ

*

ಅಕ್ಟೋಬರ್ 25

ಅಮ್ಮಾ,

ಸಿಟ್ಟು ಬಂದಿತ್ತು, ಹೋಯಿತು.

ಮೇಡಂ ಹತ್ತಿರ ಹೋದೆ. ಸರಿ ಮಾಡಿದ್ದನ್ನು ಹೇಳಿದೆ, ಸೋಮವಾರ ಲೈನು ನಿಲ್ಲಿಸಿದ್ದನ್ನೂ ಹೇಳಿದೆ. ಹೇಳದಿದ್ದರೂ ನಡೆಯುತ್ತಿತ್ತು, ಅವರಿಗೆ ಹೇಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಿನ್ನ ಕಾಗದ ತೋರಿಸಿ ಒಳಗೆ ಹೋದವಳು ಅರ್ಧ ಹೇಳಿ ಬರಲು ಬಾಯಿ ಬರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಈಗ ಸೀಲು ಬಿತ್ತಾ?" ಇಲ್ಲ ಎಂದೆ. ಈ ಸಲ ನಕ್ಕರು. "ಮೂರು ತಿಂಗಳು ನೋಡೋಣ. ಸೋಮವಾರದಿಂದ ಬನ್ನಿ."

ಅಮ್ಮ, ಕೆಲಸ ಸಿಕ್ಕಿತು. ಒಂದೇ ಸಾಲಿನಲ್ಲಿ ಬರೆದು ನೋಡುತ್ತಿದ್ದೇನೆ, ಹೇಗೆ ಕಾಣುತ್ತದೆಂದು. ಚೆನ್ನಾಗಿ ಕಾಣುತ್ತದೆ.

ಉದ್ದಜಡೆ ಬೇಕರಿಯಿಂದ ಕೇಕು ತಂದಳು. ತಿನ್ನುತ್ತಾ ಪದೇ ಪದೇ ಫೋನು ನೋಡುತ್ತಿದ್ದಳು. ಆಫೀಸಿನಿಂದ ಯಾರದೇ ಫೋನು ಬಂದರೂ ಅವಳ ಮುಖ ಬಿಳಿಚಿಕೊಳ್ಳುತ್ತದೆ, ಈಗೀಗ ಗಮನಿಸುತ್ತಿದ್ದೇನೆ. ದೊಡ್ಡ ತುಂಡು ಅವಳಿಗೇ ಕೊಟ್ಟೆ.

ನಿನ್ನ
ಪುಟ್ಟಿ

*

ನವೆಂಬರ್ 2

ಪುಟ್ಟಿ,

ನಿನ್ನ ಅಪ್ಪ ಮೂರು ಟ್ರಿಪ್ಪಿನಲ್ಲಿ ಊರಿಗೆಲ್ಲ ಹಂಚಿದ್ದಾರೆ. ನಾಲ್ಕನೇ ಟ್ರಿಪ್ಪಿನಲ್ಲಿ ಹತ್ತಿದವರು "ಗೊತ್ತು ಗೊತ್ತು, ಟಿಕೆಟ್ ಕೊಡಿ" ಎಂದರಂತೆ. ನಾನು ಯಾರಿಗೂ ಹೇಳಲಿಲ್ಲ. ಕಾಗದವನ್ನು ಓದಿದೆ ಅಷ್ಟೇ, ಗಟ್ಟಿಯಾಗಿ ಓದಿದೆನೋ ಏನೋ, ನನಗೆ ಹೇಗೆ ಗೊತ್ತಾಗಬೇಕು.

ಒಬ್ಬಳೇ ಕೂತಾಗ ಕಣ್ಣು ತುಂಬಿ ಬಂತು. ಬರೆಯಬೇಕೆನಿಸಿತು, ಬರೆದೆ.

ಕೆಲಸದಲ್ಲಿ ಕಣ್ಣಿಡು.

ಅಮ್ಮ

*

ಜನವರಿ 19

ಅಮ್ಮಾ,

ಇಷ್ಟು ದಿನ ನಾಲ್ಕು ಸಾಲಿನ ಚೀಟಿ ಹಾಕಿ ತಪ್ಪಿಸಿಕೊಂಡೆ. ಇವತ್ತು ಬರೆಯಲೇಬೇಕು.

ಒಂದು ಆಸ್ಪತ್ರೆಯವರು ತಮ್ಮ ಬಾಗಿಲುಗಳಲ್ಲಿ ಬದಲಾವಣೆ ಕೇಳಿದ್ದರು. ಒಬ್ಬರೇ ನರ್ಸು ಎರಡು ವಾರ್ಡುಗಳಲ್ಲಿ ಕೆಲಸ ಮಾಡಿದರೆ ಒಂದೇ ಕಾರ್ಡಿಗೆ ಎರಡೂ ಬಾಗಿಲು ತೆರೆಯಬೇಕು. ಮೇಡಂ ಅದನ್ನು ನನಗೆ ಕೊಟ್ಟರು, ಇದೇ ಮೊದಲ ಸಲ ಪೂರ್ತಿ ಕೆಲಸ ನನ್ನೊಬ್ಬಳದೇ. ಬರೆದೆ, ಎಲ್ಲ ರೀತಿಯಲ್ಲೂ ಹಾಕಿ ನೋಡಿದೆ, ಜೊತೆಯವರೂ ನೋಡಿದರು, ಎಲ್ಲ ಸರಿ ಇತ್ತು. ಸೋಮವಾರ ಅದು ಆಸ್ಪತ್ರೆಗೆ ಹೋಗಬೇಕಿತ್ತು. ಶುಕ್ರವಾರ ನಾನು ಮೇಡಂ ಹತ್ತಿರ ಹೋಗಿ "ನಮ್ಮ ಆಫೀಸಿನ ಬಾಗಿಲಿಗೆ ಮೊದಲು ಹಾಕ್ತೀನಿ, ನನ್ನ ಕಾರ್ಡಿಗೆ ಮಾತ್ರ. ಮಿಕ್ಕವರದು ಹಳೇದೇ ಇರಲಿ" ಎಂದೆ. "ಎಲ್ಲ ನೋಡಾಯ್ತಲ್ಲ" ಎಂದರು. "ಒಂದು ದಿನ ನಾನು ಓಡಾಡಿ ನೋಡ್ತೀನಿ" ಎಂದೆ. ಒಪ್ಪಿದರು.

ಮರುದಿನ ಬೆಳಗ್ಗೆ ಹೋಗಿ ಕಾರ್ಡು ತೋರಿಸಿದೆ. ಕೆಂಪು ದೀಪ. ಒರೆಸಿ ತೋರಿಸಿದೆ. ಕೆಂಪು ದೀಪ. ಹಿಂದೆ ಬಂದವರೆಲ್ಲ ಒಬ್ಬೊಬ್ಬರಾಗಿ ಹಸಿರು ದೀಪ ಹೊತ್ತಿಸಿಕೊಂಡು ಒಳಗೆ ಹೋದರು. ಕೆಳಗಿನ ಕನ್ನಡಕದಂಗಡಿಯವರು ಮೆಟ್ಟಿಲ ಹತ್ತಿರ ಬಂದು "ಯಾಕಮ್ಮ, ಕೆಲಸದಿಂದ ತೆಗೆದ್ರಾ?" ಎಂದು ಕನಿಕರದಿಂದ ಕೇಳಿದರು. ಮೇಡಂ ಬಂದು "ಬಾಗಿಲು ತೆಗೀಲಾ?" ಎಂದರು. "ಬೇಡ ಮೇಡಂ, ಒಳಗಿಂದ ಕಂಪ್ಯೂಟರ್ ತಂದುಕೊಡಿ" ಎಂದು ಮೆಟ್ಟಿಲ ಮೇಲೇ ಕೂತೆ.

ತಪ್ಪು ಸಿಕ್ಕಿತು. ಇತ್ತೀಚೆಗೆ ಸೇರಿದವರಿಗೆ, ನಮ್ಮಲ್ಲೂ ಆಸ್ಪತ್ರೆಯಲ್ಲೂ, ಬೇರೆ ಥರದ ಹೊಸ ಕಾರ್ಡು ಕೊಡುತ್ತಾರೆ. ನಾವು ಪರೀಕ್ಷೆಗೆ ಇಟ್ಟುಕೊಂಡಿದ್ದೆಲ್ಲ ಹಳೇ ಕಾರ್ಡುಗಳು. ಆಫೀಸಿನಲ್ಲಿ ಹೊಸ ಕಾರ್ಡು ಇರುವವಳು ನಾನೊಬ್ಬಳೇ. ಹೊಸದಾಗಿ ಸೇರಿದವರನ್ನು ನನ್ನ ಪ್ರೋಗ್ರಾಂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಜೂನ್ ತಿಂಗಳಿಂದ ಹೊಸಬರಿಗೆ ಬಾಗಿಲು ತೆರೆಯುವುದಿಲ್ಲ ಎಂದು ಗೋಳಾಡಿದವಳು, ಹೊಸಬರಿಗೆ ಬಾಗಿಲು ತೆರೆಯದ ಪ್ರೋಗ್ರಾಮನ್ನು ನನ್ನ ಕೈಯಾರೆ ಬರೆದಿದ್ದೆ. ಸೋಮವಾರ ಅದು ಆಸ್ಪತ್ರೆಗೆ ಹೋಗಿದ್ದರೆ ಹೊಸ ನರ್ಸುಗಳೆಲ್ಲ ವಾರ್ಡಿನ ಹೊರಗೆ ನಿಂತಿರುತ್ತಿದ್ದರು, ಒಳಗೆ ರೋಗಿಗಳು ಕರೆಯುತ್ತಿರುತ್ತಿದ್ದರು.

ಊಟದ ಹೊತ್ತಿಗೆ ಸರಿ ಮಾಡಿ, ಎದ್ದು ನಿಂತು ಕಾರ್ಡು ತೋರಿಸಿದೆ. ಹಸಿರು. ಒಳಗೆ ಹೋದರೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಡಂ ಮಾತ್ರ "ಇನ್ಮೇಲೆ ಎಲ್ಲರೂ ಹೀಗೇ ಮಾಡಿ, ಮೊದಲು ನಿಮ್ಮ ಕಾರ್ಡಿಗೆ ಹಾಕ್ಕೊಳಿ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಇದನ್ನು ಎಲ್ಲಿ ಕಲಿತಿರಿ ಎಂದು ಯಾರೋ ಕೇಳಿದರು. ನಿನ್ನ ಕೋಟಿನ ಅಂಚಿನ ಬಗ್ಗೆ ಹೇಳಿದೆ. ಹೇಳುವಾಗ ನನ್ನ ಬೆನ್ನೂ ನೆಟ್ಟಗಾಗಿತ್ತು, ನಿನ್ನ ಹಾಗೆ.

ಆ ಹಳೆಯ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ.

ನಿನ್ನ
ಪುಟ್ಟಿ

*

ಜನವರಿ 27

ಪುಟ್ಟಿ,

ನಿನ್ನ ಕಾಗದ ಬಂತು. ಅಪ್ಪ ಓದಿ ಬಸ್ಸಿಗೆ ಹೋದವರು "ನನ್ನ ಮಗಳು ಊಟದ ಹೊತ್ತಿನವರೆಗೂ ಆಫೀಸಿನ ಹೊರಗೆ ನಿಂತಿದ್ಲು" ಎಂದು ಎದೆಯುಬ್ಬಿಸಿ ಹೇಳಿದರಂತೆ. ಪಾಪ, ಜನ ಅವರನ್ನು ಕೂರಿಸಿ ನೀರು ಕೊಟ್ಟು ಸಮಾಧಾನ ಮಾಡಿದ್ದಾರೆ. "ಇನ್ನೊಂದು ಕೆಲಸ ಸಿಗತ್ತೆ ಬಿಡಿ" ಎಂದಿದ್ದಾರೆ. ಎಷ್ಟು ಹೇಳಿದರೂ ಯಾರಿಗೂ ಅರ್ಥವಾಗಲಿಲ್ಲವೆಂದು ಮನೆಗೆ ಬಂದು ನನ್ನ ಮೇಲೆ ರೇಗಿದರು.

ರಿಪೇರಿ ವಿಭಾಗದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ನಾನು ಓದುತ್ತಿದ್ದೆ, ನೀನು ಮೆಟ್ಟಿಲ ಮೇಲೆ ಕೂತ ಕಡೆ ಬಂದಾಗ ಕನ್ನಡಕದಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕೋಟಿನ ಅಂಚು ಮುಟ್ಟಿ ಡಿಸೈನು ಕೇಳಿದ್ದ ಆ ಹುಡುಗಿ ಈಗ ರಿಪೇರಿ ಕಲಿಯಲು ನನ್ನ ಕೈಕೆಳಗೆ ಬಂದಿದ್ದಾಳೆ. ಅವಳು ಎದ್ದು ಹೋಗಿ, ಆಗ ತಾನೇ ಸರಿ ಮಾಡಿದ ಮಷಿನ್ನಿನಲ್ಲಿ ತನ್ನ ಅಂಗಿಯ ತುದಿ ಇಟ್ಟು ಒಂದು ಗೆರೆ ಹೊಲಿದಳು. ನಾನು ಹೇಳಿರಲಿಲ್ಲ.

ಹಳೆಯ ಕಾಗದವನ್ನು ಯಾಕೆ ಕಳಿಸಿದ್ದೀಯ ಎಂದು ನೀನು ಬರೆದಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. "ಈ ತಪ್ಪು ಇನ್ನೂ ಹಾಗೇ ಇದೆ" ಎಂಬ ಸಾಲನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದ್ದೇನೆ. ಮಿಕ್ಕದ್ದು ಇದ್ದ ಹಾಗೇ ಇರಲಿ, ಸಿಡುಕುವುದು ಕೂಡ.

ಮಸಿಯ ಪ್ಯಾಡು ಒಣಗಿತ್ತು, ಹೊಸ ಮಸಿ ಹಾಕಿಸಿದೆ. ಮಷಿನ್‌ಗಳ ಚೀಟಿಗೆ ಹೊಡೆಯುವಾಗ ಈ ಸೀಲು ಒಂದು ದಿನವೂ ಓರೆ ಬಿದ್ದದ್ದಿಲ್ಲ. ಇವತ್ತು ಸ್ವಲ್ಪ ಓರೆ ಬಿದ್ದಿದೆ. ಓರೆಯಾದರೂ ಓದಲು ಬರುತ್ತದೆ.

ನಿನ್ನ
ಅಮ್ಮ

(ಜೊತೆಗಿದ್ದ ಹಳೆಯ ಕಾಗದದ ಕೆಳಗೆ, ನೇರಳೆ ಮಸಿಯಲ್ಲಿ)

ಪರೀಕ್ಷಿಸಿದೆ. ಲೈನಿಗೆ ಬಿಡಬಹುದು.